ಮೊದಲ ಹೊಲಿಗೆ ಸೊಟ್ಟಗಿದ್ದರೂ ಪರವಾಗಿಲ್ಲ

(ಶಿವಮೊಗ್ಗ ಮತ್ತು ಭದ್ರಾವತಿಯ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಇವತ್ತು ಸಾಲ, ಬಡ್ಡಿ, ಲೆಡ್ಜರ್ ಪುಸ್ತಕ ಇವುಗಳ ಬಗ್ಗೆ ಮಾತಾಡೋದಿಲ್ಲ. ಕೈಕೆಲಸದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಕುಚ್ಚು ಕಟ್ಟೋದು, ಕೌದಿ ಹೊಲಿಯೋದು, ಚಿತ್ತಾರ ಬರೆಯೋದು, ಬುಟ್ಟಿ ಹೆಣೆಯೋದು, ಇಂಥವು. ಅದರಲ್ಲೂ ಇದುವರೆಗೆ ಇವುಗಳಲ್ಲಿ ಒಂದನ್ನೂ ಮಾಡದವರು ಹೇಗೆ ಶುರು ಮಾಡಬೇಕು ಅನ್ನೋದರ ಬಗ್ಗೆ.

"ಹವ್ಯಾಸ" ಅಂದ ಕೂಡಲೇ ನಿಮ್ಮಲ್ಲಿ ಕೆಲವರು ನಗುತ್ತೀರಿ, ನನಗೆ ಗೊತ್ತು. "ಸಿಸ್ಟರ್, ಹವ್ಯಾಸ ಎಲ್ಲ ಹೊತ್ತು ಹೋಗದವರಿಗೆ. ನಮಗೆ ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರ ತನಕ ಕೆಲಸ" ಅಂತೀರಿ. ನಿಜ. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಅಜ್ಜಿಗೆ ಹೊತ್ತು ಇತ್ತಾ? ಗದ್ದೆ, ಕೊಟ್ಟಿಗೆ, ಹತ್ತು ಜನರ ಅಡಿಗೆ, ಬಾಣಂತನ ಎಲ್ಲ ಇತ್ತು. ಆದರೂ ಮನೆಯಲ್ಲಿ ಕೌದಿ ಇತ್ತು, ಹಬ್ಬಕ್ಕೆ ಅಂಗಳದ ತುಂಬ ರಂಗೋಲಿ ಇತ್ತು, ಮದುವೆಗೆ ಹಸೆ ಇತ್ತು. ಅವರು ಅದನ್ನು ಹವ್ಯಾಸ ಅಂತಲೂ ಕರೆಯಲಿಲ್ಲ, ಉದ್ಯೋಗ ಅಂತಲೂ ಕರೆಯಲಿಲ್ಲ. ಕೈಗೆ ಅದು ಬೇಕಾಗಿತ್ತು, ಮಾಡಿದರು.

ನಮ್ಮ ಭದ್ರಾವತಿಯನ್ನೇ ನೋಡಿ. ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಶುರುವಾಯಿತು. 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ಪೇಪರ್‌ಟೌನ್ ಅಂತ ಊರಿನ ಒಂದು ಭಾಗಕ್ಕೇ ಆ ಕೆಲಸದ ಹೆಸರು ಬಂತು. ಗಂಡಸರ ಕೈಕೆಲಸಕ್ಕೆ ಟೋಕನ್, ಶಿಫ್ಟು, ಸೈರನ್ನು, ಸಂಬಳ ಎಲ್ಲ ಇತ್ತು. ಅದೇ ಮನೆಗಳಲ್ಲಿ ಹೆಂಗಸರು ಮಾಡಿದ ಕೈಕೆಲಸಕ್ಕೆ ಹೆಸರೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಕಳೆದ ದಶಕದಲ್ಲಿ ಕಾಗದದ ಯಂತ್ರಗಳು ನಿಂತವು. ಎಷ್ಟೋ ಮನೆಗಳಲ್ಲಿ ಸಂಬಳ ನಿಂತಿತು. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಹೆಂಗಸರು ಮನೆಯಲ್ಲಿ ಕೂತು ಏನಾದರೂ ಮಾಡಬಹುದಾ?"

ಆ ಪ್ರಶ್ನೆ ಸರಿಯಾದದ್ದೇ. ಆದರೆ ಅದರ ಹಿಂದೆಯೇ ಒಂದು ಅಪಾಯವೂ ಬರುತ್ತದೆ. ಆ ಅಪಾಯ ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಕೂಸು ಹುಟ್ಟುವ ಮುಂಚೆ ಕುಲಾವಿ

ಒಂದು ಸಂಘದ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಭದ್ರಾವತಿಯ ಒಬ್ಬ ಸದಸ್ಯೆ ಒಂದು ಮೇಳದಲ್ಲಿ ಕಸೂತಿ ಹಾಕುವ ಯಂತ್ರ ನೋಡಿ ಬಂದರು. ಐದು ನಿಮಿಷದಲ್ಲಿ ಹೂವು ಮೂಡಿದ್ದು ನೋಡಿ ಮನಸ್ಸು ಅಲ್ಲೇ ನಿಂತುಬಿಟ್ಟಿತು. ವಾರದ ಸಭೆಯಲ್ಲಿ 40,000 ರೂಪಾಯಿ ಸಾಲ ಕೇಳಿದರು. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಅಂದರೆ ಮೊದಲ ತಿಂಗಳು ಬರೀ ಬಡ್ಡಿಯೇ 800 ರೂಪಾಯಿ. ಆ ಸಭೆಯಲ್ಲಿ ವಯಸ್ಸಾದ ಒಬ್ಬ ಸದಸ್ಯೆ ಒಂದೇ ಮಾತು ಕೇಳಿದರು: "ಅಲ್ಲಾ ಕಣಮ್ಮಾ, ನೀನು ಇಲ್ಲೀತನಕ ಕೈಯಲ್ಲಿ ಒಂದು ಹೂವಾದರೂ ಹಾಕಿದ್ದೀಯಾ?" ಹಾಕಿರಲಿಲ್ಲ. ಸಂಘದವರು ಸಾಲ ಇಲ್ಲ ಅನ್ನಲಿಲ್ಲ. "ಮೂರು ತಿಂಗಳು ಕೈಯಲ್ಲಿ ಮಾಡು, ಆಮೇಲೆ ಕೇಳು" ಅಂತ ನಿರ್ಣಯ ಪುಸ್ತಕದಲ್ಲಿ ಬರೆದರು.

ಏನಾಯಿತು ಗೊತ್ತಾ? ಆ ತಂಗಿಗೆ ಕಸೂತಿ ಹಿಡಿಸಲೇ ಇಲ್ಲ. ಚೌಕಟ್ಟಿನ ಮುಂದೆ ಬಗ್ಗಿ ಕೂತರೆ ಕತ್ತು ನೋವು, ಬೇಸರ. ಆದರೆ ಪಕ್ಕದ ಮನೆಯವರ ಹತ್ತಿರ ಸೀರೆ ಕುಚ್ಚು ಕಟ್ಟೋದು ಕಲಿತರು, ಅದು ಕೈಗೆ ಹತ್ತಿತು. ಅವರಿಗೆ ತಗುಲಿದ ಖರ್ಚು ದಾರ, ಸೂಜಿ, ಮಣಿ ಎಲ್ಲ ಸೇರಿ ಆರುನೂರು ರೂಪಾಯಿ ಒಳಗೆ. ಆ ಯಂತ್ರ ತಂದಿದ್ದರೆ ಇವತ್ತು ಅದರ ಮೇಲೆ ಬಟ್ಟೆ ಮಡಿಚಿ ಇಡುತ್ತಿದ್ದರು.

ಇನ್ನೊಂದು ತರಹದ ಅಪಾಯ ಇದೆ. "ಮನೆಯಲ್ಲೇ ಕೂತು ತಿಂಗಳಿಗೆ ಇಷ್ಟು ಸಾವಿರ ಸಂಪಾದಿಸಿ. ಕಚ್ಚಾ ಮಾಲು ನಾವೇ ಕೊಡುತ್ತೇವೆ, ಮಾಡಿದ್ದನ್ನು ನಾವೇ ಕೊಳ್ಳುತ್ತೇವೆ. ಮೊದಲು ಡಿಪಾಜಿಟ್ ಕಟ್ಟಿ" ಅಂತ ಬರುತ್ತಾರೆ. ಮೊದಲು ಗೋಡೆಯ ಮೇಲಿನ ಚೀಟಿಯಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತದೆ. ಡಿಪಾಜಿಟ್ ತಗೊಂಡ ಮೇಲೆ ನೀವು ಮಾಡಿದ ಮಾಲಿಗೆ "ಫಿನಿಶಿಂಗ್ ಸರಿ ಇಲ್ಲ" ಅಂತ ಹೇಳಿ ವಾಪಸ್ ಕಳಿಸುತ್ತಾರೆ, ಆಮೇಲೆ ಫೋನ್ ಎತ್ತೋದಿಲ್ಲ. ಒಂದು ಸೂತ್ರ ನೆನಪಿಡಿ: ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕೇ ಹೊರತು ನಿಮ್ಮಿಂದ ದುಡ್ಡು ಕೇಳಬಾರದು. ಕೇಳಿದರೆ ಒಬ್ಬರೇ ತೀರ್ಮಾನ ಮಾಡಬೇಡಿ, ಸಂಘದ ಸಭೆಗೆ ತನ್ನಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ಹಿರಿಯರು ಹೇಳಿದ್ದು ಇದಕ್ಕೇ. ಮೊದಲು ಕೈ ಕಲಿಯಲಿ, ಆಮೇಲೆ ಯಂತ್ರ. ಮೊದಲು ಖುಷಿ ಬರಲಿ, ಆಮೇಲೆ ವ್ಯಾಪಾರ. ಅದಕ್ಕೇ ನಾನು ಹವ್ಯಾಸ ಅನ್ನುವ ಪದವನ್ನು ಬೇಕೂಂತಲೇ ಹಿಡಿದುಕೊಂಡಿರೋದು. ಹವ್ಯಾಸದಲ್ಲಿ ಸೋತರೆ ಒಂದು ಉಂಡೆ ದಾರ ಹೋಗುತ್ತದೆ. ವ್ಯಾಪಾರದಲ್ಲಿ ಸೋತರೆ ಓಲೆ ಗಿರವಿಗೆ ಹೋಗುತ್ತದೆ.

"ನಮ್ಮ ಕೈಲಿ ಆಗಲ್ಲ"

ಶುರು ಮಾಡೋಣ ಅಂದರೆ ಮೊದಲು ಬರುವ ಮಾತು "ನಮ್ಮ ಕೈಲಿ ಆಗಲ್ಲ ಸಿಸ್ಟರ್."

ಸಂಘಕ್ಕೆ ಸೇರಿದ ದಿನ ನೆನಪಿಸಿಕೊಳ್ಳಿ. ನಬಾರ್ಡ್ 1992ರಲ್ಲಿ ಸ್ವ-ಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರು ಮಾಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆ ಕಾಲದಲ್ಲಿ ಸೇರಿದವರು ಇಲ್ಲಿ ಕೆಲವರು ಕೂತಿದ್ದೀರಿ. ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಕಲಿತಿರಿ. ಆ ಮೊದಲ ಸಹಿ ಹೇಗಿತ್ತು? ಸೊಟ್ಟಗಿತ್ತು ತಾನೆ? ಒಂದು ಅಕ್ಷರ ಮೇಲೆ, ಒಂದು ಕೆಳಗೆ. ಅದನ್ನು ನೋಡಿ ಯಾರಾದರೂ ಪೆನ್ನು ಬಿಸಾಡಿದಿರಾ? ಇಲ್ಲ. ಈಗ ಬ್ಯಾಂಕಿನಲ್ಲಿ ಕಣ್ಣು ಮುಚ್ಚಿ ಸಹಿ ಹಾಕುತ್ತೀರಿ. ಸೂಜಿಯೂ ಅಷ್ಟೇ. ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಹಾಗೆ.

ಎರಡನೇ ಮಾತು, ನಲವತ್ತು ದಾಟಿದವರಿಗೆ. ಎಷ್ಟೋ ಜನ "ಮುಂಚೆ ಹೊಲೀತಿದ್ದೆ, ಈಗ ಕೈ ಓಡಲ್ಲ" ಅಂತಾರೆ. ವಿಚಾರಿಸಿದರೆ ತೊಂದರೆ ಕೈಯದಲ್ಲ, ಕಣ್ಣಿನದು. ಸೂಜಿಗೆ ದಾರ ಪೋಣಿಸೋಕೆ ಆಗದೆ ಬಿಟ್ಟುಬಿಟ್ಟಿರುತ್ತಾರೆ. ಇದು ಚಾಳೀಸು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ವಸ್ತು ಮಸುಕಾಗೋದು ಎಲ್ಲರಿಗೂ ಬರುತ್ತದೆ, ಅದು ರೋಗವಲ್ಲ. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ, ಹತ್ತಿರದ ಕನ್ನಡಕ ಹಾಕಿಕೊಳ್ಳಿ. ಹತ್ತು ವರ್ಷದಿಂದ ಸೂಜಿ ಮುಟ್ಟದವರು ಕನ್ನಡಕ ಬಂದ ವಾರವೇ ಹೊಲಿಯೋಕೆ ಕೂತದ್ದನ್ನು ನಾನು ನೋಡಿದ್ದೇನೆ. ಮಕ್ಕಳ ಕನ್ನಡಕಕ್ಕೆ ಖರ್ಚು ಮಾಡುತ್ತೀರಿ, ನಿಮ್ಮದಕ್ಕೂ ಮಾಡಿ.

ಯಾವುದರಿಂದ ಶುರು ಮಾಡೋಣ?

ನಮ್ಮ ಕಡೆ ಸುಲಭವಾಗಿ ಸಿಗುವ, ಕಡಿಮೆ ಖರ್ಚಿನ ನಾಲ್ಕು ಕೆಲಸ ಹೇಳುತ್ತೇನೆ. ನಾಲ್ಕನ್ನೂ ಹಿಡಿಯಬೇಡಿ. ಒಂದನ್ನು ಹಿಡಿಯಿರಿ.

ಒಂದು, ಕೌದಿ. ಇದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಹಳೇ ಕಾಟನ್ ಸೀರೆ, ಪಂಚೆ, ಲುಂಗಿ ಸಾಕು. ನೈಲಾನ್, ಪಾಲಿಸ್ಟರ್ ಸೇರಿಸಬೇಡಿ. ಜಾರುತ್ತದೆ, ಬೆವರು ಹೀರೋದಿಲ್ಲ. ಬಟ್ಟೆ ಒಗೆದು ಬಿಸಿಲಿಗೆ ಹಾಕಿ ಒಣಗಿಸಿ. ನೆಲದ ಮೇಲೆ ಒಂದು ಪದರ ಸುಕ್ಕಿಲ್ಲದೆ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ಮೇಲೆ ಒಳ್ಳೆಯ ಬಟ್ಟೆಯ ಪದರ ಹಾಕಿ. ಮೊದಲು ದೊಡ್ಡ ದೊಡ್ಡದಾಗಿ ಕಚ್ಚಾ ಹೊಲಿಗೆ ಹಾಕಿ ಅಲುಗಾಡದಂತೆ ಮಾಡಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬನ್ನಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಒಂದು ಬೆರಳಗಲ ಇರಲಿ. ಮೊದಲ ಸಲವೇ ಮಂಚದಗಲದ ಕೌದಿಗೆ ಕೈ ಹಾಕಬೇಡಿ, ಅದು ಮುಗಿಯೋದೇ ಇಲ್ಲ. ಮಗುವಿಗೆ ಹಾಸುವ ಎರಡೂವರೆ ಅಡಿ, ಮೂರು ಅಡಿಯ ಸಣ್ಣ ಕೌದಿ ಹೊಲಿಯಿರಿ. ಮುಗಿಸಿದ ಒಂದು ಸಣ್ಣ ಕೌದಿ, ಅರ್ಧಕ್ಕೆ ನಿಂತ ಹತ್ತು ದೊಡ್ಡ ಕೌದಿಗಿಂತ ಮೇಲು.

ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ ಬಹಳ ಪ್ರಸಿದ್ಧ. ಆ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಕೌದಿ ಮಾತ್ರ ಮೂವರಿಗೂ ಒಂದೇ. ಅವರು ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮೂರು ಮೂಲೆಯ ಸಣ್ಣ ಹೂವು ಹೊಲಿಯುತ್ತಾರೆ. ಆ ಹೂವು ಇಲ್ಲದಿದ್ದರೆ ಅವರ ಲೆಕ್ಕಕ್ಕೆ ಕೌದಿ ಪೂರ್ತಿಯಾಗಿಲ್ಲ, ಅದು ಬರಿಮೈ. ಹಳೇ ಚಿಂದಿ ಬಟ್ಟೆಗೂ ಇಷ್ಟು ಮರ್ಯಾದೆ ಕೊಡುತ್ತಾರೆ ನೋಡಿ. ಅವರ ಕೌದಿಗಳು ಈಗ ದೂರದ ದೇಶಗಳ ಪ್ರದರ್ಶನಗಳಿಗೂ ಹೋಗಿವೆ.

ಎರಡು, ಸೀರೆ ಕುಚ್ಚು. ಗಾಂಧಿ ಬಜಾರಿಗೆ ಹೋದರೆ ದಾರದ ಉಂಡೆ, ಮಣಿ ಎಲ್ಲ ಸಿಗುತ್ತದೆ. ಸೀರೆಯ ಸೆರಗಿನ ಅಂಚಿನಲ್ಲಿ ಇಂಚಿಗೆ ಒಂದರಂತೆ ಕಟ್ಟಿದರೆ ಸುಮಾರು 45 ಕುಚ್ಚು ಬೇಕು. ಕಲಿಯುವವರು ಸೀರೆಯ ಮೇಲೆ ಕಲಿಯಬೇಡಿ, ಅದರಲ್ಲೂ ಬೇರೆಯವರ ರೇಷ್ಮೆ ಸೀರೆಯ ಮೇಲೆ ಖಂಡಿತ ಬೇಡ. ಹಳೇ ಸೀರೆಯ ಒಂದು ತುಂಡು ತಗೊಂಡು ಅಂಚು ಮಡಿಚಿ ಹೊಲಿದುಕೊಳ್ಳಿ. ಅದರಲ್ಲಿ ಹತ್ತು ಕುಚ್ಚು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ. ಮೂರು ವಿಷಯ ಗಮನಿಸಿ: ಎಲ್ಲ ಕುಚ್ಚಿಗೂ ಎಳೆ ಎಣಿಸಿ ಒಂದೇ ಲೆಕ್ಕ ಇಡಿ, ಗಂಟು ಒಂದೇ ಎತ್ತರದಲ್ಲಿ ಬರಲಿ, ಕೊನೆಗೆ ತುದಿ ಕತ್ತರಿಸುವಾಗ ರಟ್ಟಿನ ಅಳತೆ ಇಟ್ಟು ಕತ್ತರಿಸಿ. ಕಣ್ಣಳತೆಯಲ್ಲಿ ಕತ್ತರಿಸಿದರೆ ಹಾವಿನ ಹಾಗೆ ಬರುತ್ತದೆ. ಸಾದಾ ಕುಚ್ಚು ಕೈಗೆ ಕೂತ ಮೇಲೆ ಮಣಿ, ಆಮೇಲೆ ಕ್ರೋಶಾ ಕಡ್ಡಿಯ ಕುಚ್ಚು.

ಮೂರು, ಹಸೆ ಚಿತ್ತಾರ. ಇದು ನಮ್ಮ ಜಿಲ್ಲೆಯದೇ ಸಂಪತ್ತು. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಲೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟರಲ್ಲೇ ಬರೆಯುತ್ತಾರೆ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ರಂಗೋಲಿ ಬರುವವರಿಗೆ ಇದು ಬೇಗ ಹತ್ತುತ್ತದೆ, ಯಾಕೆಂದರೆ ಎಲ್ಲವೂ ಗೆರೆಗಳ ಲೆಕ್ಕ. ಒಂದು ರಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಪೆನ್ಸಿಲಿನಲ್ಲಿ ಚೌಕ ಎಳೆದುಕೊಂಡು, ಒಂದೇ ಒಂದು ಅಂಚಿನ ಪಟ್ಟಿಯಿಂದ ಶುರು ಮಾಡಿ. ಒಂದು ವಿನಂತಿ. ಇದನ್ನು ಕಲಿಯುವವರು ಮೊಬೈಲ್ ನೋಡಿ ನಕಲು ಮಾಡುವುದಕ್ಕಿಂತ, ಗೊತ್ತಿರುವ ಹಿರಿಯ ಹೆಣ್ಣುಮಗಳ ಹತ್ತಿರ ಕೂತು ಕಲಿಯಿರಿ. ಯಾರಾದರೂ ಕೇಳಿದರೆ "ಇದು ದೀವರ ಚಿತ್ತಾರ, ಅವರಿಂದ ಕಲಿತೆ" ಅಂತ ಹೇಳಿ. ಹೆಸರಿಲ್ಲದೆ ಬದುಕಿದ ಕೈಗಳಿಗೆ ಅಷ್ಟಾದರೂ ಸಲ್ಲಬೇಕು.

ನಾಲ್ಕು, ಕಾಗದದ ಚೀಲ. ಕಾಗದದ ಊರಿನವರಿಗೆ ನಾನೇನು ಹೇಳಿಕೊಡೋದು! ಆದರೆ ಕಲಿಯುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಹಳೇ ಪೇಪರ್, ಮೈದಾ ಅಂಟು, ಒಂದು ಸ್ಕೇಲು, ಅಳತೆಗೆ ಒಂದು ರಟ್ಟು. ಅಂಟು ಕುದಿಸುವಾಗ ಹುಳ ಬಾರದಂತೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ, ಅಡಿಗೆ ಪಾತ್ರೆಯಲ್ಲಿ ಕುದಿಸಬೇಡಿ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಎಷ್ಟೋ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲೆಲ್ಲ ನಿಷೇಧಿಸಿದ್ದಾರೆ. ಹಾಗಾಗಿ ಔಷಧಿ ಅಂಗಡಿ, ಬಳೆ ಅಂಗಡಿ, ಫ್ಯಾನ್ಸಿ ಸ್ಟೋರಿನವರಿಗೆ ಇಂಥ ಚೀಲ ಬೇಕಾಗುತ್ತದೆ. ಆದರೆ ಬೋಂಡ, ಬಜ್ಜಿ, ಬೇಕರಿ ತಿಂಡಿ ಕಟ್ಟೋಕೆ ನ್ಯೂಸ್‌ಪೇಪರ್ ಚೀಲ ಮಾಡಬೇಡಿ. ಮುದ್ರಣದ ಶಾಯಿ ತಿಂಡಿಗೆ ಸೇರುತ್ತದೆ, ಹಾಗೆ ಕಟ್ಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಕೆ ಕೊಟ್ಟಿದೆ.

ಧಾರವಾಡದ ಕಸೂತಿ ಕೂಡ ಕೆಲವರು ಕೇಳಿದಿರಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಯಲ್ಲಂತೂ ಹಿಂದೆ ಮುಂದೆ ಎರಡೂ ಕಡೆ ಒಂದೇ ತರ ಕಾಣಬೇಕು. ಬಹಳ ಚೆಂದ, ಆದರೆ ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಕಲಿಯೋದು ಹೇಗೆ?

ನನ್ನ ಅನುಭವದಲ್ಲಿ ಒಬ್ಬರೇ ಕಲಿಯಲು ಹೊರಟವರು ಮೂರು ವಾರಕ್ಕೆ ಬಿಡುತ್ತಾರೆ. ಐದು ಜನ ಸೇರಿ ಕಲಿತವರು ಉಳಿಯುತ್ತಾರೆ. ನಮ್ಮ ಹತ್ತಿರ ಸಂಘ ಅನ್ನೋದು ಇದ್ದೇ ಇದೆ. ಅದಕ್ಕೆ ಈ ಕ್ರಮ ಹೇಳುತ್ತೇನೆ.

1. ವಾರದ ಸಭೆ ಮುಗಿದ ಮೇಲೆ ಒಂದು ಗಂಟೆ ಕೈಕೆಲಸಕ್ಕೆ ಇಡಿ. ಬೇಕಾದವರು ಕೂರಲಿ, ಬೇಡದವರು ಹೋಗಲಿ. ಒತ್ತಾಯ ಬೇಡ, ದಂಡ ಬೇಡ.

2. ಕಲಿಸುವವರನ್ನು ಹೊರಗೆ ಹುಡುಕುವ ಮುಂಚೆ ಸಂಘದೊಳಗೆ ಹುಡುಕಿ. ಬೀದಿಯಲ್ಲಿ ಒಬ್ಬರಿಗಾದರೂ ಕೌದಿ ಬರುತ್ತದೆ, ಒಬ್ಬರಿಗಾದರೂ ಕ್ರೋಶಾ ಬರುತ್ತದೆ. ಸಭೆಯಲ್ಲಿ ಬಾಯಿ ಬಿಡದ ಎಷ್ಟೋ ಅಕ್ಕಂದಿರು ಸೂಜಿ ಕೈಗೆ ಕೊಟ್ಟರೆ ಗುರುಗಳಾಗುತ್ತಾರೆ.

3. ಮೊದಲ ಮೂರು ತಿಂಗಳು ಸಾಲ ಬೇಡ, ಯಂತ್ರ ಬೇಡ, ಮಾರಾಟವೂ ಬೇಡ. ಒಬ್ಬೊಬ್ಬರ ಖರ್ಚು ಐದಾರು ನೂರು ದಾಟದಿರಲಿ.

4. ಮೊದಲು ಮಾಡಿದ ವಸ್ತುವನ್ನು ಎಸೆಯಬೇಡಿ. ತಾರೀಖು ಬರೆದು ಇಡಿ. ಮೂರು ತಿಂಗಳಾದ ಮೇಲೆ ಹೊಸದರ ಪಕ್ಕದಲ್ಲಿಟ್ಟು ನೋಡಿ. ನಿಮಗೆ ಬೇರೆ ಯಾರೂ ಪ್ರಮಾಣಪತ್ರ ಕೊಡಬೇಕಾಗಿಲ್ಲ.

5. ಕೂತು ಮಾಡುವಾಗ ಬೆಳಕು ಎಡಗಡೆಯಿಂದ ಬರಲಿ (ಎಡಗೈಯವರಿಗೆ ಬಲಗಡೆಯಿಂದ). ಅರ್ಧ ಗಂಟೆಗೊಮ್ಮೆ ಎದ್ದು ಕತ್ತು, ಬೆನ್ನು ಸಡಿಲ ಮಾಡಿ. ಏಳುವಾಗ ಸೂಜಿ ಎಣಿಸಿ. ಮಕ್ಕಳು ಓಡಾಡುವ ಮನೆಯಲ್ಲಿ ಒಂದು ಸೂಜಿ ಕಳೆದರೂ ಸುಮ್ಮನಿರಬಾರದು.

6. ಮಗಳಷ್ಟೇ ಅಲ್ಲ, ಮಗನೂ ಬಂದು ಕೂತರೆ ಓಡಿಸಬೇಡಿ. ಗುಂಡಿ ಹೊಲಿಯೋದು ಹುಡುಗರಿಗೂ ಬರಬೇಕು.

ಹೊಟ್ಟೆಪಾಡಿನ ಪ್ರಶ್ನೆ

ಹೋದ ಸಲ ಒಬ್ಬ ಅಕ್ಕ ನೇರವಾಗಿ ಕೇಳಿದರು: "ಸಿಸ್ಟರ್, ಖುಷಿ ಎಲ್ಲ ಸರಿ. ಕೊನೆಗೆ ಇದರಿಂದ ದುಡ್ಡು ಬರುತ್ತಾ ಇಲ್ವಾ?" ಸುಳ್ಳು ಹೇಳಬಾರದು. ಬರಬಹುದು, ಆದರೆ ಬೇಗ ಬರೋದಿಲ್ಲ, ಎಲ್ಲರಿಗೂ ಬರೋದಿಲ್ಲ.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗೆ ಮಾತ್ರ, ನಿಮ್ಮ ಬೀದಿಯ ದರ ನೀವೇ ವಿಚಾರಿಸಿ. ಒಂದು ಸೀರೆಗೆ ಮಣಿ ಕುಚ್ಚು ಕಟ್ಟೋಕೆ ದಾರ, ಮಣಿ ಸೇರಿ 100 ರೂಪಾಯಿ. ಸಿಕ್ಕಿದ ಕೂಲಿ 250. ಉಳಿದದ್ದು 150. ಹೊಸಬರಿಗೆ ಐದು ಗಂಟೆ ಹಿಡಿದರೆ ಗಂಟೆಗೆ 30 ರೂಪಾಯಿ ಬಿತ್ತು. ಅದೇ ಕೈ ಪಳಗಿ ಮೂರು ಗಂಟೆಗೆ ಮುಗಿಸಿದರೆ ಗಂಟೆಗೆ 50 ಬಿತ್ತು. ಕುಚ್ಚು ಅದೇ, ದರ ಅದೇ, ಹೆಚ್ಚಾದದ್ದು ನಿಮ್ಮ ಕೈಯ ಅಭ್ಯಾಸ. ಅದಕ್ಕೇ ನಾನು ಮೊದಲು ಮೂರು ತಿಂಗಳು ಅಂತ ಹೇಳಿದ್ದು. ಹೆಚ್ಚಿನವರು ಸಾಮಾನಿನ ಖರ್ಚು ಬರೆಯುತ್ತಾರೆ, ತಮ್ಮ ಗಂಟೆ ಬರೆಯೋದಿಲ್ಲ. "ಮನೇಲೇ ಕೂತಿದ್ದೆ, ಅದಕ್ಕೇನು ಲೆಕ್ಕ" ಅನ್ನುತ್ತಾರೆ. ನಿಮ್ಮ ಹೊತ್ತಿಗೆ ನೀವೇ ಬೆಲೆ ಇಡದಿದ್ದರೆ ಅಂಗಡಿಯವರು ಇಡುತ್ತಾರಾ? ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ವಸ್ತು, ಸಾಮಾನಿನ ಖರ್ಚು, ಹಿಡಿದ ಗಂಟೆ, ಸಿಕ್ಕಿದ ಹಣ. ಸಂಘದ ಲೆಕ್ಕ ಬರೆಯುವ ನಿಮಗೆ ಇದು ಕಷ್ಟವೇನಲ್ಲ.

ಸೇರಿ ಮಾಡಿದರೆ ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೂ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ 'ಚರಕ' ಅನ್ನುವ ಮಹಿಳೆಯರ ಸಹಕಾರ ಸಂಘ 1990ರ ದಶಕದಲ್ಲಿ ಶುರುವಾಯಿತು. ರಂಗಕರ್ಮಿ ಪ್ರಸನ್ನ ಅವರು ಅದರ ಹಿಂದಿದ್ದವರು. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ಅಡಿಕೆ ಚೊಗರಿನಂಥ ನಮ್ಮ ಮಲೆನಾಡಿನ ಬಣ್ಣಗಳಲ್ಲಿ ಅದ್ದಿ, 'ದೇಸಿ' ಅಂಗಡಿಗಳ ಮೂಲಕ ಬೆಂಗಳೂರಿನವರೆಗೆ ಮಾರಿದರು. ಅಡಿಕೆ ಬೇಯಿಸಿ ಉಳಿದ ಚೊಗರು ಬಟ್ಟೆಗೆ ಹತ್ತಿದರೆ ಹೋಗೋದಿಲ್ಲ ಅಂತ ನಾವು ಬೈದುಕೊಳ್ಳುತ್ತೇವೆ. ಅವರು ಅದನ್ನೇ ಬಣ್ಣ ಮಾಡಿಕೊಂಡರು. ಆದರೆ 2020ರಲ್ಲಿ ಕೋವಿಡ್ ಬಂದಾಗ ಬಟ್ಟೆ ಮಾರಾಟವಾಗದೆ ಉಳಿದು, ಇಷ್ಟು ಹೆಸರಿದ್ದ ಚರಕವೂ ದೊಡ್ಡ ಕಷ್ಟಕ್ಕೆ ಸಿಕ್ಕಿತು. ಇದರಿಂದ ಕಲಿಯಬೇಕಾದದ್ದು, ಕೊಳ್ಳುವವರನ್ನು ನೋಡಿಕೊಂಡು ಮಾಡಬೇಕು, ಮಾಲು ಗುಡ್ಡೆ ಹಾಕಬಾರದು.

ಬಳ್ಳಾರಿ ಕಡೆಯ ಸಂಡೂರಿನ ಲಂಬಾಣಿ ಕಸೂತಿಯೂ ಹಾಗೇ. ತಾಂಡಾದ ಹೆಂಗಸರು ತಮ್ಮ ಲಂಗ, ಕಾಂಚಳಿಗೆ ಹಾಕಿಕೊಳ್ಳುತ್ತಿದ್ದ ಹೊಲಿಗೆ ಅದು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಸೇರಿ ಮಾಡತೊಡಗಿದರು. ಆ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಮ್ಮ ಶಿಕಾರಿಪುರ, ಭದ್ರಾವತಿ ಕಡೆಯ ತಾಂಡಾಗಳಲ್ಲೂ ಅದೇ ಹೊಲಿಗೆ ಬಲ್ಲ ಅಜ್ಜಿಯರು ಇದ್ದಾರೆ. ಅವರ ಜೊತೆಗೇ ಅದು ಹೋಗಿಬಿಡುವ ಮುಂಚೆ ಮೊಮ್ಮಕ್ಕಳು ಪಕ್ಕ ಕೂರಬೇಕು.

ದೇಶದ ಕರಕುಶಲ ಕೆಲಸಕ್ಕೆ ಮರ್ಯಾದೆ ತಂದುಕೊಟ್ಟವರಲ್ಲಿ ಮುಖ್ಯರಾದವರು ನಮ್ಮ ಕರಾವಳಿಯ ಹೆಣ್ಣುಮಗಳು, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಊರೂರು ಸುತ್ತಿ, ಕುಶಲಕರ್ಮಿಗಳ ಮನೆ ಬಾಗಿಲಿಗೆ ಹೋದವರು. ಈ ಹೆಸರನ್ನು ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ.

ಮೂರು ತಿಂಗಳು ದಾಟಿ, ನಿಜವಾಗಿಯೂ ಮುಂದುವರಿಯುವ ಮನಸ್ಸಿದ್ದವರಿಗೆ ದಾರಿಗಳಿವೆ. ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇರುತ್ತದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶಕ್ಕೆಲ್ಲ ಹರಡಿದ್ದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ದರ್ಜಿ, ಬುಟ್ಟಿ-ಚಾಪೆ-ಪೊರಕೆ ಮಾಡುವವರು, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು ಸೇರಿದ್ದಾರೆ. ತರಬೇತಿ, 15,000 ರೂಪಾಯಿವರೆಗಿನ ಉಪಕರಣದ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ. ಕುಚ್ಚು, ಕೌದಿ ಅಂತ ಬೇರೆಯಾಗಿ ಪಟ್ಟಿಯಲ್ಲಿ ಇಲ್ಲ. ಹಾಗಾಗಿ "ಮಾಡಿಸಿಕೊಡ್ತೀನಿ, ದುಡ್ಡು ಕೊಡಿ" ಅನ್ನುವವರನ್ನು ನಂಬಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಪಂಚಾಯಿತಿ ಅಥವಾ ಬ್ಯಾಂಕಿನಲ್ಲೇ ವಿಚಾರಿಸಿ.

ಮಾರಾಟಕ್ಕಲ್ಲದ್ದು

ಕೊನೆಯದಾಗಿ ಒಂದು ಮಾತು. ಪೇಪರ್‌ಟೌನಿನ ಒಬ್ಬ ಅಕ್ಕನ ಮನೆಗೆ ಭೇಟಿಗೆ ಹೋಗಿದ್ದೆ. ಅವರ ಯಜಮಾನರ ಕೆಲಸ ಹೋಗಿತ್ತು, ಆಮೇಲೆ ಆರೋಗ್ಯವೂ ಹೋಯಿತು, ಆಮೇಲೆ ಅವರೇ ಹೋದರು. ಆ ಅಕ್ಕ ಒಂದು ಕೌದಿ ಹೊಲಿಯುತ್ತಿದ್ದರು. ಗಂಡನ ಲುಂಗಿ, ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದ ಅಂಗಿ ಎಲ್ಲ ಅದರಲ್ಲಿತ್ತು. ಚೆನ್ನಾಗಿದೆ, ಇಂಥದಕ್ಕೆ ಕೊಳ್ಳುವವರು ಇದ್ದಾರೆ ಅಂತ ನನ್ನ ಜೊತೆ ಬಂದಿದ್ದವರು ಹೇಳಿದರು. ಅಕ್ಕ ತಲೆ ಎತ್ತದೆ, "ಇದು ಮಾರೋದಕ್ಕಲ್ಲ ಕಣಮ್ಮ, ರಾತ್ರಿ ನಿದ್ದೆ ಬರಲಿ ಅಂತ ಹೊಲೀತಿದ್ದೀನಿ" ಅಂದರು.

ಸಮಾಜಕಾರ್ಯ ಓದುವಾಗ ನಮಗೆ ಆದಾಯ ವೃದ್ಧಿ ಚಟುವಟಿಕೆ ಅಂತ ಒಂದು ಅಧ್ಯಾಯ ಇತ್ತು. ವರದಿ ಬರೆಯುವಾಗ ಎಷ್ಟು ಜನರಿಗೆ ತರಬೇತಿ, ಎಷ್ಟು ರೂಪಾಯಿ ಆದಾಯ ಅಂತ ಬರೆಯುತ್ತೇವೆ. ಆ ಅಕ್ಕನ ಕೌದಿ ಯಾವ ಕಲಂನಲ್ಲೂ ಬರೋದಿಲ್ಲ. ಆದರೆ ಮೂರು ತಿಂಗಳು ಮನೆಯಿಂದ ಹೊರಗೆ ಬಾರದವರು, ಅದನ್ನು ಮುಗಿಸಿ ಸಂಘದ ಸಭೆಗೆ ಬಂದರು. ಈಗ ಅವರೇ ನಾಲ್ಕು ಜನರಿಗೆ ಕೌದಿ ಕಲಿಸುತ್ತಿದ್ದಾರೆ. ದುಡ್ಡು ತರುವ ಕೈಕೆಲಸಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ದುಡ್ಡು ತರದ ಕೈಕೆಲಸವೂ ಒಬ್ಬ ಹೆಣ್ಣುಮಗಳನ್ನು ಎತ್ತಿ ನಿಲ್ಲಿಸುತ್ತದೆ. ಎರಡನ್ನೂ ಗೌರವಿಸೋಣ. "ಅದೇನು ಕೆಲಸಕ್ಕೆ ಬಾರದ್ದು ಮಾಡ್ತಾ ಕೂತಿದ್ದೀಯ" ಅಂತ ಮನೆಯಲ್ಲಿ ಯಾರಾದರೂ ಅಂದರೆ ಹೆದರಬೇಡಿ. ನಿಮ್ಮ ಸೊಸೆ, ನಿಮ್ಮ ಮಗಳು ಸೂಜಿ ಹಿಡಿದು ಕೂತಾಗ ನೀವೂ ಆ ಮಾತು ಅನ್ನಬೇಡಿ.

ಮುಂದಿನ ವಾರದ ಸಭೆಗೆ ಬರುವಾಗ ಪಾಸ್‌ಬುಕ್ಕಿನ ಜೊತೆಗೆ ಒಂದು ಹಳೇ ಕಾಟನ್ ಬಟ್ಟೆಯ ತುಂಡು, ಒಂದು ಸೂಜಿ, ಒಂದು ಉಂಡೆ ದಾರ ತನ್ನಿ. ಕನ್ನಡಕ ಇದ್ದವರು ಮರೆಯದೆ ಕನ್ನಡಕ ತನ್ನಿ. ಒಂದು ಗಂಟೆ ಕೂರೋಣ. ಹೊಲಿಗೆ ಸೊಟ್ಟಗೆ ಬಂದವರು ಮುಚ್ಚಿಡಬೇಡಿ, ಪಕ್ಕದವರಿಗೆ ತೋರಿಸಿ. ಅವರದೂ ಸೊಟ್ಟಗೇ ಇರುತ್ತದೆ.